ಮನುಷ್ಯಯುಗ ಅಂದ್ರೆ ಯಾವ ಮನುಷ್ಯ?

(ಸಂಘದ ವಾರ್ಷಿಕೋತ್ಸವದ ದಿನ ಮಸಿನಗುಡಿಯಲ್ಲಿ ಮಾಡಿದ ಭಾಷಣ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಿ ಬರೆಯಲಾಗಿದೆ.)





ಮಾತಾಡೋಕೆ ಬರಬೇಕು ಅಂತ ಹುಡುಗರು ಮನೆಗೆ ಬಂದಾಗ ಯಾವ ವಿಷಯ ಅಂತ ಕೇಳಿದೆ. "ನಿಮ್ಮಿಷ್ಟ ಅಣ್ಣ, ಬಾಬಾಸಾಹೇಬರ ಬಗ್ಗೆ ಆದ್ರೂ ಸರಿ, ಶಿಕ್ಷಣದ ಬಗ್ಗೆ ಆದ್ರೂ ಸರಿ" ಅಂದ್ರು. ಆದರೆ ನಾನು ಮಣ್ಣಿನ ವಿಷಯ ತಂದಿದ್ದೀನಿ. ಅದಕ್ಕೆ ಕಾರಣ ನಮ್ಮ ಬೀದಿಯ ಒಬ್ಬ ಹುಡುಗಿ. ಕಾಲೇಜಿನಲ್ಲಿ ಓದ್ತಾಳೆ. ಒಂದು ಸಂಜೆ ಚಾರ್ಟು ಸುತ್ತಿ ಹಿಡಕೊಂಡು ಬಂದಳು. ಪರಿಸರ ದಿನಕ್ಕೆ ಅಂತ ಬರೆದದ್ದು. ಮೇಲೆ ದೊಡ್ಡ ಅಕ್ಷರದಲ್ಲಿ 'ಆಂಥ್ರೊಪೊಸೀನ್' ಅಂತ ಇತ್ತು. ಅದರ ಕೆಳಗೆ 'ಭೂಮಿ ಕೆಟ್ಟಿದ್ದಕ್ಕೆ ಮನುಷ್ಯನೇ ಕಾರಣ' ಅಂತ. ಗೋಡೆಗೆ ಹಿಡಿದು ತೋರಿಸಿ, "ಮಾವ, ಈ ಮನುಷ್ಯ ಅಂದ್ರೆ ಯಾರು? ನಮ್ಮಜ್ಜಿಯೂ ಇದರಲ್ಲಿ ಸೇರಿದಾಳಾ?" ಅಂದಳು.

ಅವಳ ಅಜ್ಜಿ ಬದುಕಿನ ಮುಕ್ಕಾಲು ಪಾಲು ಎಸ್ಟೇಟಿನಲ್ಲಿ ಟೀ ಸೊಪ್ಪು ಕಿತ್ತವರು. ಲೈನ್ ಮನೆಯ ಒಂದು ಕೋಣೆಯಲ್ಲಿ ನಾಲ್ಕು ಮಕ್ಕಳನ್ನ ಸಾಕಿದವರು. ವಿಮಾನ ಹತ್ತಿದವರಲ್ಲ, ಸ್ವಂತ ಗಾಡಿ ಕಂಡವರಲ್ಲ. ಭೂಮಿಯನ್ನೇ ಬದಲಾಯಿಸಿದ ಮನುಷ್ಯರ ಪಟ್ಟಿಯಲ್ಲಿ ಆ ತಾಯಿಯ ಹೆಸರೂ ಇದೆಯಾ? ಆವತ್ತು ನನಗೆ ಉತ್ತರ ಹೊಳೀಲಿಲ್ಲ. ಆಮೇಲೆ ಓದಿದೆ, ಗೊತ್ತಿದ್ದವರನ್ನ ಕೇಳಿದೆ. ತಿಳಿದಷ್ಟನ್ನ ನಿಮ್ಮ ಮುಂದೆ ಇಡ್ತೀನಿ.

ಮೊದಲು ಪದ. ಗ್ರೀಕ್ ಭಾಷೆಯಲ್ಲಿ 'ಆಂಥ್ರೊಪೋಸ್' ಅಂದ್ರೆ ಮನುಷ್ಯ, 'ಕೈನೋಸ್' ಅಂದ್ರೆ ಹೊಸತು. ಎರಡೂ ಸೇರಿ ಆಂಥ್ರೊಪೊಸೀನ್. ಕನ್ನಡದಲ್ಲಿ ಮನುಷ್ಯಯುಗ ಅನ್ನಬಹುದು. ಯುಗ ಅಂದ ತಕ್ಷಣ ನಿಮಗೆ ಕೃತ, ತ್ರೇತಾ, ದ್ವಾಪರ, ಕಲಿ ನೆನಪಾಗಬಹುದು. ಅದಲ್ಲ ಇದು. ಆ ಯುಗಗಳಲ್ಲಿ ಧರ್ಮಕ್ಕೆ ಎಷ್ಟು ಕಾಲು ಉಳಿದಿದೆ ಅಂತ ಎಣಿಸ್ತಾರೆ. ಇಲ್ಲಿ ಕಲ್ಲು ಮಣ್ಣಿನ ಪದರ ಎಣಿಸ್ತಾರೆ. ನೋಡಿ, ಮುಟ್ಟಿ, ಅಳೆದು ಹೇಳೋ ಲೆಕ್ಕ ಇದು.

ಕಲ್ಹಟ್ಟಿ ಘಾಟಿಯಲ್ಲಿ ಹತ್ತುವಾಗ ರಸ್ತೆಗೆ ಅಂತ ಗುಡ್ಡ ಕಡಿದಿರೋ ಜಾಗ ನೋಡಿದ್ದೀರಿ. ಮೇಲೆ ಕಪ್ಪು ಮಣ್ಣು, ಬೇರು. ಅದರ ಕೆಳಗೆ ಕೆಂಪು ಮಣ್ಣು. ಅದರಡಿ ಕಲ್ಲು. ಕೆಳಗಿರೋದು ಹಳೇದು, ಮೇಲಿರೋದು ಹೊಸದು. ಭೂಮಿಯ ಪೂರ್ತಿ ಚರಿತ್ರೆಯನ್ನ ಭೂವಿಜ್ಞಾನಿಗಳು ಹೀಗೆ ಪದರ ಪದರವಾಗಿ ಓದಿ, ಒಂದೊಂದು ಕಾಲಕ್ಕೆ ಒಂದೊಂದು ಹೆಸರು ಇಟ್ಟಿದ್ದಾರೆ. ನಾವಿರುವ ದೊಡ್ಡ ಕಾಲದ ಹೆಸರು ಕ್ವಾಟರ್ನರಿ, ಸುಮಾರು 25 ಲಕ್ಷದ 80 ಸಾವಿರ ವರ್ಷದ್ದು. ಅದರೊಳಗಿನ ಕೊನೇ ತುಂಡು ಹೊಲೊಸೀನ್. 'ಪೂರ್ತಿ ಹೊಸತು' ಅಂತ ಅದರ ಅರ್ಥ. ಹಿಮಗಾಲ ಮುಗಿದು ಭೂಮಿ ಬೆಚ್ಚಗಾದ ಮೇಲೆ, ಅಂದ್ರೆ ಸುಮಾರು 11,700 ವರ್ಷದ ಹಿಂದೆ ಶುರುವಾದದ್ದು. ಬೇಸಾಯ, ಊರು, ಅಕ್ಷರ, ರಾಜ್ಯ, ಜಾತಿ ಎಲ್ಲವೂ ಈ ತುಂಡಿನೊಳಗೇ ಹುಟ್ಟಿದ್ದು. ಅದಕ್ಕೂ ಹಿಂದೆ ಲಕ್ಷಾಂತರ ವರ್ಷ ಮನುಷ್ಯರು ಜಾತಿ ಇಲ್ಲದೆ ಬದುಕಿದ್ದರು. ಇದನ್ನ ಒಂದು ಸಲ ಮನಸ್ಸಿನಲ್ಲಿ ಹಾಕಿಕೊಳ್ಳಿ.

ಈ ಹೊಲೊಸೀನಿನ ಕೊನೇ ಭಾಗಕ್ಕೆ ನಮ್ಮ ದೇಶದ ಒಂದು ಜಾಗದ ಹೆಸರೇ ಇದೆ: ಮೇಘಾಲಯನ್. 2018ರಲ್ಲಿ ಈ ಹೆಸರಿಗೆ ಅಂತರರಾಷ್ಟ್ರೀಯ ಒಪ್ಪಿಗೆ ಸಿಕ್ಕಿತು. ಮೇಘಾಲಯದ ಚಿರಾಪುಂಜಿ ಹತ್ತಿರ ಮಾವ್ಮ್ಲೂ ಅನ್ನೋ ಗುಹೆ ಇದೆ. ಅಲ್ಲಿ ಹನಿ ಹನಿಯಾಗಿ ಬಿದ್ದ ನೀರಿನಿಂದ ಬೆಳೆದ ಸುಣ್ಣದ ಕಂಬದೊಳಗೆ, ಸುಮಾರು 4,200 ವರ್ಷದ ಹಿಂದೆ ಮಳೆ ಕೈಕೊಟ್ಟದ್ದರ ಗುರುತು ಸಿಕ್ಕಿದೆ. ಆವತ್ತಿಂದ ಇವತ್ತಿನವರೆಗೆ ಮೇಘಾಲಯನ್ ಕಾಲ. ಪರೀಕ್ಷೆಯಲ್ಲಿ 'ಈಗ ನಡೀತಿರೋದು ಯಾವ ಕಾಲ?' ಅಂತ ಕೇಳಿದ್ರೆ ಬರೆಯಬೇಕಾದ ಉತ್ತರ ಹೊಲೊಸೀನ್, ಅದರಲ್ಲಿ ಮೇಘಾಲಯನ್. ಮನುಷ್ಯಯುಗ ಅಂತ ಬರೆದ್ರೆ ಅಂಕ ಬರಲ್ಲ. ಯಾಕೆ ಅಂತ ಹೇಳ್ತೀನಿ.

ಮಣ್ಣು ಓದೋದು ನಮಗೆ ದೂರದ ವಿದ್ಯೆ ಅಂದುಕೊಳ್ಳಬೇಡಿ. ಊಟಿಯಿಂದ ಪೈಕಾರ ಕಡೆ ಹೋಗುವಾಗ ಸ್ಯಾಂಡಿನಲ್ಲಾ ಸಿಗುತ್ತಲ್ಲ, ಆ ಕಣಿವೆಯ ಜೌಗಿನಲ್ಲಿ ಹುಲ್ಲು, ಎಲೆ ಕೊಳೆಯದೆ ಸಾವಿರಾರು ವರ್ಷದಿಂದ ಪದರವಾಗಿ ಕೂತಿದೆ. ಬೆಂಗಳೂರಿನ ಇಂಡಿಯನ್ ಇನ್ಸ್‌ಟಿಟ್ಯೂಟ್ ಆಫ್ ಸೈನ್ಸ್‌ನ ಆರ್. ಸುಕುಮಾರ್ ಮತ್ತು ಅವರ ಜೊತೆಗಾರರು ಆ ಕಪ್ಪು ಮಣ್ಣನ್ನ ತೆಗೆದು, ಅದರಲ್ಲಿರುವ ಇಂಗಾಲವನ್ನ ಪರೀಕ್ಷೆ ಮಾಡಿದರು. ಒಣ ಕಾಲದ ಹುಲ್ಲು ಒಂದು ಥರದ ಗುರುತು ಬಿಡುತ್ತೆ, ತೇವದ ಕಾಲದ ಗಿಡ ಮರ ಇನ್ನೊಂದು ಥರದ್ದು. 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. 20,000 ವರ್ಷದಲ್ಲಿ ನೀಲಗಿರಿಯ ಮೇಲೆ ಮಳೆ ಯಾವಾಗ ಹೆಚ್ಚಿತು, ಯಾವಾಗ ಕಡಿಮೆ ಆಯಿತು ಅಂತ ಆ ಜೌಗು ಹೇಳಿತು. ಹಿಮಗಾಲದ ಚರಿತ್ರೆ ನಮ್ಮ ಬೆಟ್ಟದಲ್ಲೇ, ನಾವು ಬಸ್ಸಿನ ಕಿಟಕಿಯಿಂದ ನೋಡಿಕೊಂಡು ಹೋಗೋ ಜಾಗದಲ್ಲೇ ಇದೆ.

ಈಗ ಮನುಷ್ಯಯುಗಕ್ಕೆ ಬರೋಣ. 2000ನೇ ಇಸವಿಯಲ್ಲಿ ಮೆಕ್ಸಿಕೋದಲ್ಲಿ ಒಂದು ವಿಜ್ಞಾನಿಗಳ ಸಭೆ. ಪಾಲ್ ಕ್ರುಟ್ಸನ್ ಅನ್ನೋರು ಅಲ್ಲಿದ್ದರು. ಓಝೋನ್ ಪದರ ಹೇಗೆ ಹಾಳಾಗುತ್ತೆ ಅನ್ನೋ ಸಂಶೋಧನೆಗೆ 1995ರಲ್ಲಿ ನೊಬೆಲ್ ಪಡೆದವರು. ಎಲ್ಲರೂ ಹೊಲೊಸೀನ್, ಹೊಲೊಸೀನ್ ಅಂತಿರೋದು ಕೇಳಿ ಕೇಳಿ, ಇದು ಹೊಲೊಸೀನ್ ಅಲ್ಲ, ನಾವೀಗ ಆಂಥ್ರೊಪೊಸೀನ್‌ನಲ್ಲಿದ್ದೀವಿ ಅಂದುಬಿಟ್ಟರು. ಅಮೆರಿಕದ ಯೂಜೀನ್ ಸ್ಟೋರ್ಮರ್ ಅನ್ನೋ ವಿಜ್ಞಾನಿ ಅದಕ್ಕೂ ಮೊದಲೇ ಈ ಪದ ಬಳಸ್ತಿದ್ದರು. ಅದೇ ವರ್ಷ ಇಬ್ಬರೂ ಸೇರಿ ಇದನ್ನ ಬರೆದರು. ಅವರ ವಾದ ಇಷ್ಟೇ: ಗಾಳಿ, ನದಿ, ಸಮುದ್ರ, ಮಣ್ಣು, ಪ್ರಾಣಿ ಸಂಕುಲ ಎಲ್ಲದರ ಮೇಲೂ ಮನುಷ್ಯನ ಕೆಲಸದ ಗುರುತು ಬಿದ್ದಿದೆ. ಹಿಂದೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಭಾಗ ಇತ್ತು, ಈಗ 420 ದಾಟಿದೆ. ಲಕ್ಷ ವರ್ಷ ಬಿಟ್ಟು ಯಾರಾದರೂ ನೆಲ ಅಗೆದರೆ ಪ್ಲಾಸ್ಟಿಕ್, ಕಾಂಕ್ರೀಟು, ಅಣುಬಾಂಬ್ ಪರೀಕ್ಷೆಯ ಬೂದಿ, ಫಾರಂ ಕೋಳಿಯ ಮೂಳೆ ಒಂದೇ ಪದರದಲ್ಲಿ ಸಿಗುತ್ತೆ. ಕೋಳಿ ಮೂಳೆ ಅಂದದ್ದಕ್ಕೆ ನಗಬೇಡಿ, ವಿಜ್ಞಾನಿಗಳು ಅದನ್ನೂ ಕೂತು ಲೆಕ್ಕ ಹಾಕಿದ್ದಾರೆ.

2009ರಲ್ಲಿ ಇದಕ್ಕೆ ಅಂತ ಒಂದು ಕಾರ್ಯತಂಡ ಆಯಿತು. 2023ರಲ್ಲಿ ಆ ತಂಡ ಕೆನಡಾದ ಕ್ರಾಫರ್ಡ್ ಅನ್ನೋ ಕೆರೆಯ ಕೆಸರನ್ನ ಮಾದರಿ ಅಂತ ಆರಿಸಿತು. 1950ರ ಆಸುಪಾಸಿನ ಅಣುಬಾಂಬ್ ಪರೀಕ್ಷೆಗಳ ಪ್ಲುಟೋನಿಯಂ ಅಲ್ಲಿ ಗೆರೆ ಎಳೆದ ಹಾಗೆ ಕೂತಿದೆ. ಆದರೆ 2024ರ ಮಾರ್ಚಿನಲ್ಲಿ ಮೇಲಿನ ಸಮಿತಿ ಮತ ಹಾಕಿದಾಗ ಪರವಾಗಿ 4, ವಿರುದ್ಧವಾಗಿ 12 ಮತ ಬಿತ್ತು. ಹಾಗಾಗಿ ಅಧಿಕೃತ ಪಟ್ಟಿಯಲ್ಲಿ ಮನುಷ್ಯಯುಗ ಇಲ್ಲ. ಮನುಷ್ಯರು ಭೂಮಿಯನ್ನ ಬದಲಾಯಿಸಿಲ್ಲ ಅಂತ ಆ ಹನ್ನೆರಡು ಜನ ಹೇಳಲಿಲ್ಲ. ಬದಲಾವಣೆ ಒಂದೇ ದಿನ, ಒಂದೇ ಕಡೆ ಶುರುವಾದದ್ದಲ್ಲ, 1950ಕ್ಕೆ ಗೆರೆ ಎಳೆದ್ರೆ ಅದಕ್ಕೂ ಹಿಂದಿನದ್ದು ಮರೆಯಾಗುತ್ತೆ ಅನ್ನೋದು ವಿರೋಧಕ್ಕೆ ಮುಖ್ಯ ಕಾರಣ. ಪದ ಬಳಸೋದಕ್ಕೆ ಅಡ್ಡಿ ಇಲ್ಲ, ಬಳಸ್ತಾನೂ ಇದ್ದಾರೆ.

ಈ ಗೆರೆಯ ಜಗಳ ನಮಗೆ ಮುಖ್ಯ. ಯಾವ ವರ್ಷಕ್ಕೆ ಗೆರೆ ಎಳೀತೀರಿ ಅನ್ನೋದರ ಮೇಲೆ ಯಾರು ಲೆಕ್ಕ ಒಪ್ಪಿಸಬೇಕು ಅನ್ನೋದು ನಿಂತಿದೆ. ಕ್ರುಟ್ಸನ್ ಅವರು 1784 ಅಂತ ಹೇಳಿದ್ದರು, ಜೇಮ್ಸ್ ವ್ಯಾಟ್‌ನ ಉಗಿ ಯಂತ್ರದ ಕಾಲ. ಹಾಗಾದ್ರೆ ಇಂಗ್ಲೆಂಡಿನ ಕಲ್ಲಿದ್ದಲು, ಗಿರಣಿ ಲೆಕ್ಕ ಕೊಡಬೇಕು. 1950 ಅಂದ್ರೆ ಬಾಂಬು, ಪೆಟ್ರೋಲು, ಪ್ಲಾಸ್ಟಿಕ್. ಸೈಮನ್ ಲೂಯಿಸ್, ಮಾರ್ಕ್ ಮ್ಯಾಸ್ಲಿನ್ ಅನ್ನೋ ಇಬ್ಬರು 2015ರಲ್ಲಿ 1610 ಅಂದರು. ಯಾಕೆ ಗೊತ್ತಾ? ಕೊಲಂಬಸ್ ಕಾಲಿಟ್ಟ ಮೇಲೆ ಅಮೆರಿಕ ಖಂಡಗಳಲ್ಲಿ ರೋಗ, ಯುದ್ಧ, ಗುಲಾಮಗಿರಿಯಿಂದ ಸುಮಾರು 5 ಕೋಟಿ ಮೂಲನಿವಾಸಿಗಳು ಸತ್ತರು. ಉಳುವವರಿಲ್ಲದೆ ಹೊಲಗಳೆಲ್ಲ ಕಾಡಾದವು. ಆ ಕಾಡು ಗಾಳಿಯಿಂದ ಇಂಗಾಲ ಹೀರಿಕೊಂಡಿತು. ಅಂಟಾರ್ಕ್ಟಿಕಾದ ಹಿಮದೊಳಗೆ ಸಿಕ್ಕಿಬಿದ್ದ ಗಾಳಿಯಲ್ಲಿ 1610ರ ಸುಮಾರಿಗೆ ಆ ಇಳಿತ ಕಾಣುತ್ತೆ ಅನ್ನೋದು ಅವರ ವಾದ. ಕೋಟ್ಯಂತರ ಜನರ ಸಾವು ಹಿಮದಲ್ಲಿ ಒಂದು ಗುರುತಾಗಿ ಉಳಿದಿದೆ. ಅವರೂ ಮನುಷ್ಯರೇ. ಅವರನ್ನ ಕೊಂದವರೂ ಮನುಷ್ಯರೇ. ಇಬ್ಬರನ್ನೂ ಸೇರಿಸಿ 'ಮನುಷ್ಯ ಮಾಡಿದ' ಅಂದ್ರೆ ಅದು ನ್ಯಾಯವಾ?

ನಮ್ಮ ಬೆಟ್ಟಕ್ಕೆ ಗೆರೆ ಎಳೀಬೇಕು ಅಂದ್ರೆ ಎಲ್ಲಿ ಎಳೀತೀರಿ?

ಇಲ್ಲೊಂದು ಪದದ ಕಥೆ ಹೇಳಬೇಕು. ಗುಂಡ್ಲುಪೇಟೆ, ಮೈಸೂರು ಕಡೆ ಹೋಗಿ 'ನೀಲಗಿರಿ ಮರ' ಅನ್ನಿ. ಎಣ್ಣೆ ತೆಗೆಯೋ ಆ ಉದ್ದನೆಯ ಮರ ತೋರಿಸ್ತಾರೆ. ಇಡೀ ಕರ್ನಾಟಕದಲ್ಲಿ ಆ ಮರಕ್ಕೆ ನಮ್ಮ ಬೆಟ್ಟದ ಹೆಸರು. ಆದರೆ ಅದು ನಮ್ಮ ಬೆಟ್ಟದ ಮರ ಅಲ್ಲವೇ ಅಲ್ಲ. ಆಸ್ಟ್ರೇಲಿಯಾದ ಮರ. 1840ರ ದಶಕದಲ್ಲಿ ಬ್ರಿಟಿಷರು ತಂದು ನೆಟ್ಟದ್ದು. ಊಟಿಯಲ್ಲಿ ಮನೆ ಕಟ್ಟಿದ ದೊರೆಗಳಿಗೆ ಚಳಿಗೆ ಸೌದೆ ಬೇಕಿತ್ತು, ಶೋಲಾ ಕಾಡು ಕಡಿದು ಸಾಕಾಗಲಿಲ್ಲ, ಬೇಗ ಬೆಳೆಯೋ ಮರ ಬೇಕಾಯಿತು. ಅದರ ಜೊತೆಗೇ ವ್ಯಾಟಲ್ ಬಂತು. ತೋಡರ ಎಮ್ಮೆ ಮೇಯ್ತಿದ್ದ ಹುಲ್ಲುಗಾವಲಿನ ಮೇಲೆ ಅವು ಹಬ್ಬಿದವು. ಸ್ವಾತಂತ್ರ್ಯ ಬಂದ ಮೇಲೂ ಅರಣ್ಯ ಇಲಾಖೆ ಕಾರ್ಖಾನೆಗಳಿಗಾಗಿ ಅವನ್ನೇ ಬೆಳೆಸಿತು. ಹುಲ್ಲುಗಾವಲನ್ನ ನುಂಗಿದ ಮರ ಬೆಟ್ಟದ ಹೆಸರನ್ನೂ ತೆಗೆದುಕೊಂಡಿತು. ಈಗ ಹುಟ್ಟಿದ ಮಗುವಿಗೆ ನೀಲಗಿರಿ ಅಂದ್ರೆ ಅದೇ ಮರ. ಒಂದು ಹೆಸರು ಚರಿತ್ರೆಯನ್ನ ಹೇಗೆ ಮುಚ್ಚಿಬಿಡುತ್ತೆ ಅನ್ನೋದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ. 'ಮನುಷ್ಯಯುಗ' ಅನ್ನೋ ಹೆಸರೂ ಹಾಗೇ ಏನನ್ನೋ ಮುಚ್ಚಬಹುದು ಅಂತ ನನಗೆ ಅನುಮಾನ ಬಂದದ್ದು ಇಲ್ಲಿಂದಲೇ.

ಗೆರೆಗಳನ್ನ ನೋಡಿ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಬೆಟ್ಟ ಹತ್ತಿದ್ದು 1819. ಆಮೇಲೆ ಊಟಿಯಲ್ಲಿ ಕಲ್ಲು ಬಂಗಲೆ, ಹಳ್ಳಕ್ಕೆ ಕಟ್ಟೆ ಹಾಕಿ ಕೆರೆ. 1860ರ ದಶಕದಲ್ಲಿ ದೊಡ್ಡಬೆಟ್ಟ, ನಡುವಟ್ಟಂ ಕಡೆ ಕ್ವಿನೈನಿಗಾಗಿ ಸಿಂಕೋನ ತೋಟ. ನಡುವಟ್ಟಂನಲ್ಲಿ ಚೀನಾದ ಕೈದಿಗಳನ್ನ ತಂದು ದುಡಿಸಿದರು. ಗೂಡಲೂರು ಕಡೆ ಕಾಫಿ, ಆಮೇಲೆ ಟೀ. ಗೂಡಲೂರು ಆಗ ವಯನಾಡಿಗೆ ಸೇರಿತ್ತು, 1877ರಲ್ಲಿ ನೀಲಗಿರಿ ಜಿಲ್ಲೆಗೆ ಬಂತು. ದೇವಾಲ, ಪಂದಲೂರಿನಲ್ಲಿ 1880ರ ಸುಮಾರಿಗೆ ಚಿನ್ನದ ಹುಚ್ಚು ಹಿಡಿದು ಬೆಟ್ಟ ಕೊರೆದರು, ಕಂಪನಿಗಳು ಮುಳುಗಿದವು, ಗುಂಡಿಗಳು ಉಳಿದವು. 1899ರಲ್ಲಿ ರೈಲು ಕುನ್ನೂರಿಗೆ ಬಂತು, 1908ರಲ್ಲಿ ಊಟಿಗೆ. 1932ರಲ್ಲಿ ಪೈಕಾರ ಕರೆಂಟು ಹುಟ್ಟಿ ಕೊಯಮತ್ತೂರಿನ ಗಿರಣಿಗಳಿಗೆ ಹೋಯಿತು. 1950ರ ದಶಕದ ಆರಂಭದಲ್ಲಿ ನಮ್ಮ ಮೋಯಾರ್ ಪವರ್‌ಹೌಸು. ಅದಾದ ಮೇಲೆ ಕೆನಡಾದ ಸಹಾಯದಿಂದ ಕುಂದಾ ಅಣೆಕಟ್ಟುಗಳು.

ಇದರಲ್ಲಿ ನಮ್ಮವರು ಎಲ್ಲಿದ್ದರು? ಎಲ್ಲ ಕಡೆ ಇದ್ದರು. ಮೈಸೂರು ಸೀಮೆಯಿಂದ ಕನ್ನಡ ಮಾತಾಡೋ ಕೂಲಿಗಳು ಬೆಟ್ಟದ ತೋಟಗಳಿಗೆ ಬಂದದ್ದು ಇಂಗ್ಲಿಷರ ಕಾಲದಿಂದಲೇ ದಾಖಲಾಗಿದೆ. 1876ರಿಂದ 78ರ ದೊಡ್ಡ ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಅಂಥ ಕಾಲದಲ್ಲಿ ಮೊದಲು ಊರು ಬಿಡೋನು ನೆಲ ಇಲ್ಲದವನು. ತಮಿಳು ಸೀಮೆಯಿಂದ ನಮ್ಮ ಹಾಗೇ ಹೊರಗಿಟ್ಟ ಜನ ಬಂದರು. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ಮೇಲೆ ಸಿಲೋನಿನಿಂದ ಬಂದವರು ಗೂಡಲೂರು, ಕೋತಗಿರಿ ಕಡೆ ಸರ್ಕಾರಿ ಟೀ ತೋಟ ಎಬ್ಬಿಸಿದರು. ಅವರಲ್ಲೂ ನಮ್ಮವರು ಬಹಳ. ಪಣಿಯರು ತಮ್ಮ ಕಾಡಿನಲ್ಲೇ ಜೀತಕ್ಕೆ ಬಿದ್ದರು.

ಆ ಹುಡುಗಿಯ ಅಜ್ಜಿಯನ್ನ ಹೋಗಿ ಕೇಳಿದೆ, "ಅವ್ವ, ಈ ಕಾಡನ್ನೆಲ್ಲ ಕಡಿದು ತೋಟ ಮಾಡಿದ್ದು ಯಾರು?" ಆಯಮ್ಮ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೇಳಿದ್ದು ಇಷ್ಟು: "ಗುಂಡಿ ತೆಗದೋರು ನಾವೇ ಕನಪ್ಪ. ಎಲ್ಲಿ ತೆಗೀಬೇಕು ಅಂತ ಹೇಳ್ದೋರು ನಾವಲ್ಲ."

ನನಗೆ ಬೇಕಾಗಿದ್ದ ಉತ್ತರ ಅದೇ. ವಿದ್ವಾಂಸರೂ ಸುತ್ತಿ ಬಳಸಿ ಅಲ್ಲಿಗೇ ಬಂದಿದ್ದಾರೆ. ಕೆಲವರು ಇದನ್ನ ಬಂಡವಾಳಯುಗ ಅಂತ ಕರೀರಿ ಅಂದರು. ಡಾನಾ ಹ್ಯಾರವೇ, ಆನಾ ತ್ಸಿಂಗ್ ಮುಂತಾದವರು 'ಪ್ಲಾಂಟೇಶನೊಸೀನ್' ಅನ್ನೋ ಪದ ಮುಂದಿಟ್ಟರು. ಅಂದ್ರೆ ಎಸ್ಟೇಟಿನ ಯುಗ. ಕಾಡು ಸವರಿ, ಒಂದೇ ಬೆಳೆ ಇಟ್ಟು, ಎಲ್ಲಿಂದಲೋ ಜನ ಹಿಡಿದು ತಂದು, ಲೈನಿನಲ್ಲಿ ಕೂಡಿಹಾಕಿ, ಬೆಳೆದದ್ದನ್ನ ಹಡಗಿಗೆ ತುಂಬೋ ಪದ್ಧತಿಯೇ ಭೂಮಿಯನ್ನ ಬದಲಾಯಿಸಿತು ಅನ್ನೋದು ಆ ಪದದ ಅರ್ಥ. ಈ ಪದವನ್ನ ಬೇರೆಯವರು ಪುಸ್ತಕ ನೋಡಿ ಕಲಿಯಬೇಕು. ನಮ್ಮ ಅಜ್ಜಿಯರು ಅದನ್ನ ಬದುಕಿದ್ದಾರೆ.

ಹೆಸರಿಗೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು ಅಂತ ನೀವು ಕೇಳಬಹುದು. ಹೆಸರಿನ ಬೆಲೆ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? 1891ರ ಡಿಸೆಂಬರ್ 1ರಂದು ಇದೇ ನೀಲಗಿರಿಯಲ್ಲಿ, ಊಟಿಯಲ್ಲಿ, ಪಂಡಿತ ಅಯೋತಿದಾಸರು ದ್ರಾವಿಡ ಮಹಾಜನ ಸಭೆಯ ಸಮ್ಮೇಳನ ನಡೆಸಿದರು. ಅವರು ಬೆಳೆದದ್ದು ಈ ಬೆಟ್ಟದಲ್ಲೇ. ಅವರ ಅಜ್ಜ ಇಲ್ಲಿ ಇಂಗ್ಲಿಷ್ ಅಧಿಕಾರಿಯ ಮನೆಯಲ್ಲಿ ಬಟ್ಲರ್ ಆಗಿದ್ದವರು. ಆ ಸಮ್ಮೇಳನ ಹತ್ತು ಬೇಡಿಕೆ ಇಟ್ಟಿತು. ನಮ್ಮ ಜನರನ್ನ ಅವಮಾನದ ಹೆಸರಿಂದ ಕರೆಯೋದನ್ನ ಅಪರಾಧ ಮಾಡಬೇಕು ಅನ್ನೋದು ಅದರಲ್ಲಿ ಒಂದು. ಅಂಬೇಡ್ಕರ್ ಅವರು ಹುಟ್ಟಿ ಆಗ ಎಂಟು ತಿಂಗಳೂ ತುಂಬಿರಲಿಲ್ಲ. ಅಷ್ಟು ಹಿಂದೆ ನಮ್ಮ ಬೆಟ್ಟದಲ್ಲಿ ನಿಂತು, ನಮ್ಮನ್ನ ಏನಂತ ಕರೀಬೇಕು ಅನ್ನೋದನ್ನ ನಾವು ಹೇಳ್ತೀವಿ ಅಂದರು. ಈ ಮಾತು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಗೆ ಹೋಗಿ ನೀರು ಮುಟ್ಟಿದ್ದು ಬಾಯಾರಿಕೆಗೆ ಅಲ್ಲ. ದನ, ನಾಯಿ ಕುಡಿಯೋ ನೀರನ್ನ ನಾವು ಮುಟ್ಟೋ ಹಾಗಿರಲಿಲ್ಲ. ನಾವೂ ಮನುಷ್ಯರು ಅಂತ ತೋರಿಸೋಕೆ ಹೋದರು. ಈಗ ಯೋಚನೆ ಮಾಡಿ. ನೀರು ಹಂಚುವಾಗ, ನೆಲ ಹಂಚುವಾಗ ನಮ್ಮನ್ನ ಮನುಷ್ಯರ ಲೆಕ್ಕಕ್ಕೆ ತಗೊಳ್ಳಲಿಲ್ಲ. ಭೂಮಿ ಹಾಳಾದ ತಪ್ಪು ಹಂಚುವಾಗ ಮಾತ್ರ 'ಎಲ್ಲ ಮನುಷ್ಯರೂ' ಅಂತ ಪಂಕ್ತಿಯಲ್ಲಿ ಕೂರಿಸ್ತಾರೆ. ಸಹಪಂಕ್ತಿ ಭೋಜನಕ್ಕೆ ಕರೆಯದವರು ಸಾಲ ತೀರಿಸೋ ಪಂಕ್ತಿಗೆ ಕರೆದ ಹಾಗಾಯಿತು. ಲೆಕ್ಕ ನೋಡಿ, ಒಬ್ಬ ಅಮೆರಿಕದವನ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್, ಒಬ್ಬ ಭಾರತೀಯನ ಪಾಲಿಗೆ ಸುಮಾರು 2 ಟನ್. ಆ ಎರಡು ಟನ್ನಿನೊಳಗೂ ಬೆಂಗಳೂರಿನ ಬಂಗಲೆಯವನ ಪಾಲು ಬೇರೆ, ಲೈನ್ ಮನೆಯವಳ ಪಾಲು ಬೇರೆ.

ಇದು ಬರೀ ಪದದ ವಾದವಾಗಿದ್ದರೆ ನಿಮ್ಮ ಸಂಜೆ ಹಾಳು ಮಾಡ್ತಿರಲಿಲ್ಲ. 2009ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯಲ್ಲಿ ಮಣ್ಣು ಕುಸಿದು 40ಕ್ಕೂ ಹೆಚ್ಚು ಜನ ಸತ್ತರು. 2019ರ ಆಗಸ್ಟಿನಲ್ಲಿ ಅವಲಾಂಚಿಯಲ್ಲಿ ಒಂದೇ ದಿನಕ್ಕೆ 82 ಸೆಂಟಿಮೀಟರ್ ಮಳೆ ಸುರಿಯಿತು. 2024ರ ಜುಲೈ 30ರ ನಸುಕಿನಲ್ಲಿ ಗೂಡಲೂರಿನ ಪಕ್ಕದ ವಯನಾಡಿನಲ್ಲಿ ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿ ಹೋಗಿ 200ಕ್ಕೂ ಹೆಚ್ಚು ಜನ ಹೋದರು. ಎಸ್ಟೇಟು ಪಾಡಿಗಳಲ್ಲಿ ಮಲಗಿದ್ದವರೂ ಅದರಲ್ಲಿದ್ದರು. ಭೂಮಿ ಬಿಸಿಯಾದದ್ದರಿಂದ ಆ ದಿನದ ಮಳೆ ಸುಮಾರು ಶೇ 10ರಷ್ಟು ಹೆಚ್ಚಿತ್ತು ಅಂತ ವಿಜ್ಞಾನಿಗಳ ಒಂದು ತಂಡ ಲೆಕ್ಕ ಕೊಟ್ಟಿತು. ಬೆಟ್ಟದ ಗಟ್ಟಿ ಜಾಗದಲ್ಲಿ ಬಂಗಲೆ, ಇಳಿಜಾರಿನಲ್ಲಿ, ಹಳ್ಳದ ಬದಿಯಲ್ಲಿ ಲೈನು. ಯಾರ ಮನೆ ಎಲ್ಲಿ ಅಂತ ನೂರು ವರ್ಷದ ಹಿಂದೆ ತೀರ್ಮಾನ ಮಾಡಿದ್ದು ನಾವಲ್ಲ, ಆದರೆ ಮಳೆ ಬಂದಾಗ ಮಣ್ಣು ಬೀಳೋದು ನಮ್ಮ ಮೇಲೆ.

ಮಸಿನಗುಡಿಯವರಿಗೆ ಆನೆ ದಾರಿಯ ವಿಷಯ ನಾನು ಹೇಳಬೇಕಾಗಿಲ್ಲ. ಮದ್ರಾಸ್ ಹೈಕೋರ್ಟಿನ 2011ರ ಆದೇಶವನ್ನ 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಎತ್ತಿ ಹಿಡಿಯಿತು. ಆನೆಗೆ ದಾರಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆನೆ ನಮಗಿಂತ ಮೊದಲಿನಿಂದ ಆ ದಾರೀಲಿ ಓಡಾಡ್ತಿದೆ. ಆದರೆ ವಾರದ ಕೊನೆಗೆ ಬಂದು ಕ್ಯಾಂಪ್ ಫೈರ್ ಹಾಕೋ ರೆಸಾರ್ಟನ್ನೂ, ಅಣೆಕಟ್ಟಿನ ಕೆಲಸಕ್ಕೆ ಬಂದು ಇಲ್ಲೇ ನಿಂತುಹೋದವನ ಎರಡು ಕೋಣೆ ಮನೆಯನ್ನೂ 'ಮನುಷ್ಯರ ಒತ್ತುವರಿ' ಅನ್ನೋ ಒಂದೇ ಪದದಲ್ಲಿ ಸೇರಿಸಿದ್ರೆ ಸುಮ್ಮನೆ ಇರಬೇಡಿ. ಯಾರು, ಯಾವಾಗ, ಯಾಕೆ ಬಂದರು ಅಂತ ಬಿಡಿಸಿ ಬರೆಯಿರಿ ಅಂತ ಕೇಳಿ. ಕಾಗದದಲ್ಲಿ ಕೇಳಿ.

ತಮ್ಮಂದಿರೇ, ಇಷ್ಟು ಕೇಳಿ 'ಹಾಗಾದ್ರೆ ನಮ್ಮ ತಪ್ಪೇನೂ ಇಲ್ಲ' ಅಂತ ಕೈ ತೊಳಕೊಂಡು ಎದ್ದು ಹೋಗಬೇಡಿ. ಅಜ್ಜಿಯ ಕಾಲದ ಲೆಕ್ಕ ಬೇರೆ, ನಮ್ಮ ಕಾಲದ್ದು ಬೇರೆ. ಮಸಿನಗುಡಿ ಹಳ್ಳದಲ್ಲಿ ತೇಲೋ ಕವರು ಎಲ್ಲವೂ ಟೂರಿಸ್ಟಿನದ್ದಲ್ಲ. ಪ್ಲಾಸ್ಟಿಕ್ ನಿಷೇಧ ಇರೋ ಜಿಲ್ಲೆ ನಮ್ಮದು. ಬೆಳಗ್ಗೆ ನಾಲ್ಕು ಗಂಟೆಗೆ ಊಟಿ ಚಳಿಯಲ್ಲಿ ಆ ಪ್ಲಾಸ್ಟಿಕ್ ಗುಡಿಸೋರು ಯಾರು? ನಮ್ಮ ಅಕ್ಕ, ನಮ್ಮ ಅಣ್ಣ. ನಾವು ಎಸೆದದ್ದನ್ನೂ ಅವರೇ ಬಗ್ಗಿ ಎತ್ತಬೇಕು. ಆಜ್ಞೆ ಕೊಡೋ ಜಾಗಕ್ಕೆ ನಮ್ಮವರೂ ನಿಧಾನಕ್ಕೆ ಬರ್ತಿದ್ದಾರೆ, ವಾರ್ಡು ಮೆಂಬರಾಗಿ, ಆಫೀಸರಾಗಿ, ಕಂಟ್ರಾಕ್ಟರಾಗಿ. ಗುಂಡಿ ಎಲ್ಲಿ ತೆಗೀಬೇಕು ಅಂತ ಹೇಳೋ ಅಧಿಕಾರ ಬಂದ ದಿನ ನಾವು ಏನು ಹೇಳ್ತೀವಿ ಅನ್ನೋದಕ್ಕೆ ಈಗಲೇ ಸಿದ್ಧ ಆಗಬೇಕು.

ಒಂದು ಒಳ್ಳೆ ಉದಾಹರಣೆ ಹತ್ತಿರದಲ್ಲೇ ಇದೆ. ಲಂಟಾನ ನಿಮಗೆಲ್ಲ ಗೊತ್ತು. ಅಮೆರಿಕ ಖಂಡದಿಂದ ಹೂವಿನ ಗಿಡ ಅಂತ ದೊರೆಗಳು ತಂದದ್ದು, ಈಗ ಮುದುಮಲೆ ಕಾಡನ್ನ ನುಂಗ್ತಾ ಇದೆ. ಗೂಡಲೂರು ಸುತ್ತಿನ ಬೆಟ್ಟಕುರುಂಬ, ಪಣಿಯ ಮುಂತಾದ ಜನ ಅದೇ ಲಂಟಾನದ ಕಡ್ಡಿಯನ್ನ ಬೇಯಿಸಿ ಬಗ್ಗಿಸಿ ನಿಜ ಗಾತ್ರದ ಆನೆಗಳನ್ನ ಮಾಡಿದರು. ಆ ಆನೆಗಳು 2021ರಲ್ಲಿ ಲಂಡನ್ನಿನ ಪಾರ್ಕುಗಳಲ್ಲಿ ನಿಂತವು, ಆಮೇಲೆ ಅಮೆರಿಕಕ್ಕೂ ಹೋದವು. ಗಿಡ ತಂದವರ ಊರಿಗೇ ಅದನ್ನ ಆನೆ ಮಾಡಿ ಕಳಿಸಿದರು. ಕೈ ಅವರದ್ದೇ, ಜೊತೆಗೆ ಹೆಸರೂ ಅವರದ್ದೇ.

ಸಂಘಕ್ಕೆ ನನ್ನದು ಎರಡೇ ಕೋರಿಕೆ. ಒಂದು, ಈ ಮಳೆಗಾಲಕ್ಕೆ ಮೊದಲು ನಮ್ಮ ಕಾಲೋನಿ, ಲೈನು, ಪಾಡಿಗಳಲ್ಲಿ ಯಾವ ಮನೆಯ ಹಿಂದೆ ಗುಡ್ಡ ಕಡಿದಿದೆ, ಯಾವ ಮನೆ ಹಳ್ಳದ ಬದಿಯಲ್ಲಿದೆ, ಎಲ್ಲಿ ಮೋರಿ ಕಟ್ಟಿಕೊಂಡಿದೆ ಅಂತ ಮನೆ ಮನೆಗೆ ಹೋಗಿ ಬರೆಯಿರಿ. ಆ ಪಟ್ಟಿಯನ್ನ ತಹಸೀಲ್ದಾರರ ಕಚೇರಿಗೆ ಕೊಟ್ಟು, ತಲುಪಿದ್ದಕ್ಕೆ ಸೀಲು ಹಾಕಿಸಿಕೊಳ್ಳಿ. ಎರಡು, ಎಪ್ಪತ್ತು ದಾಟಿದ ಹಿರಿಯರ ಹತ್ತಿರ ಕೂತು, ಯಾವ ಊರಿಂದ ಬಂದರು, ಯಾವ ತೋಟ, ಯಾವ ಅಣೆಕಟ್ಟು, ಕೂಲಿ ಎಷ್ಟು, ಅವರು ಬಂದಾಗ ಆ ಜಾಗದಲ್ಲಿ ಏನಿತ್ತು ಅಂತ ಕೇಳಿ ಬರೆದುಕೊಳ್ಳಿ. ಮುಂದಿನ ವರ್ಷದ ಸ್ಮರಣ ಸಂಚಿಕೆಯಲ್ಲಿ ಅದು ಅಚ್ಚಾಗಲಿ. ಸ್ಯಾಂಡಿನಲ್ಲಾದ ಜೌಗು 20,000 ವರ್ಷ ಜ್ಞಾಪಕ ಇಟ್ಟುಕೊಂಡಿದೆ. ನಮ್ಮ ಹಿರಿಯರ ಜ್ಞಾಪಕಕ್ಕೆ ಅಷ್ಟು ಕಾಲ ಇಲ್ಲ. ಹೋದ ವರ್ಷ ಈ ಚಾಪೆ ಮೇಲೆ ಕೂತಿದ್ದ ಕೆಲವರು ಇವತ್ತಿಲ್ಲ.

ಕೊನೆಗೆ ಆ ಚಾರ್ಟಿನ ವಿಷಯ. ಅಜ್ಜಿ ಹೇಳಿದ್ದನ್ನ ನಾನು ಆ ಹುಡುಗಿಗೆ ಹೇಳಿದೆ. ಅವಳು 'ಮನುಷ್ಯನೇ ಕಾರಣ' ಅನ್ನೋ ಸಾಲನ್ನ ಹೊಡೆದು ಹಾಕಲಿಲ್ಲ. ಅದರ ಕೆಳಗೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಮೂರು ಪ್ರಶ್ನೆ ಬರೆದಳು. ಯಾವ ಮನುಷ್ಯ? ಯಾವ ವರ್ಷ? ಯಾರ ಅಪ್ಪಣೆ? ಅದನ್ನೇ ಕಾಲೇಜಿಗೆ ತಗೊಂಡು ಹೋದಳು. ಆ ಮಗು ಇವತ್ತು ಹಿಂದಿನ ಸಾಲಿನಲ್ಲಿ ಕೂತಿದೆ. ಅವಳಿಗೂ, ಅವಳ ಅಜ್ಜಿಗೂ ಒಂದು ಚಪ್ಪಾಳೆ ಹೊಡೀರಿ.